ಗೆರೆ ಮೇಲಿನ ಚುಕ್ಕಿ

ಪಕ್ಕದ ಮನೆಯವರು ಹೊಸ ಕುರ್ಚಿ ತಂದರೆಂದು ಹೊಟ್ಟೆ ಉರಿದುಕೊಳ್ಳುವವರು ಉಂಟು. ಓರಗಿತ್ತಿಯ ಜಡೆ ತನ್ನದಕ್ಕಿಂತ ಎರಡು ಗೇಣು ಉದ್ದವೆಂದು ಕೊರಗುವವರೂ ಉಂಟು. ಅದೆಲ್ಲ ಮನುಷ್ಯರಿಗೆ ಸಹಜ, ಬಿಡಿ. ಆದರೆ ಒಂದು ಇಡೀ ದೇಶದ ಕಾಡು ನೂರಕ್ಕೆ ಹದಿನೈದರಿಂದ ಹದಿನೇಳಕ್ಕೆ ಏರಿತೆಂದು ಮೂರು ದಿನ ಸರಿಯಾಗಿ ಊಟ ಮಾಡದವಳು ಒಬ್ಬಳೇ ಒಬ್ಬಳು, ಅವಳು ಚುಕ್ಕಿಯಕ್ಕ.

ಅವಳ ನಿಜವಾದ ಹೆಸರು ಕಚೇರಿಯ ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಉಳಿದವರಿಗೆಲ್ಲ ಅವಳು ಚುಕ್ಕಿಯಕ್ಕನೇ, ಏಕೆಂದರೆ ಅವಳ ಕೆಲಸವೇ ಚುಕ್ಕಿ ಎಣಿಸುವುದು. ಅರಣ್ಯ ಅಳತೆಯ ಕಚೇರಿಯ ಎರಡನೇ ಮಹಡಿಯಲ್ಲಿ, ಬಿಸಿಲು ನೇರ ಬೀಳದ ಉತ್ತರದ ಕಿಟಕಿಗಳ ಪಕ್ಕ, ಇಳಿಜಾರು ಮೇಜಿನ ಮುಂದೆ ಅವಳ ಜಾಗ. ವಿಮಾನದಿಂದ ತೆಗೆದ ದೊಡ್ಡ ಫೋಟೊ ಹಾಳೆಗಳ ಮೇಲೆ ಕಾಡಿನ ಅಂಚಿಗೆ ಕೆಂಪು ಶಾಯಿಯ ಗೆರೆ ಎಳೆದು ಬೇರೆಯವರು ತಂದಿಡುತ್ತಿದ್ದರು. ಅದರ ಮೇಲೆ ಅವಳು ಸಮ ಅಂತರದ ಚುಕ್ಕಿಗಳಿರುವ ಪಾರದರ್ಶಕ ಹಾಳೆಯೊಂದನ್ನು ಹಾಸಿ, ನಾಲ್ಕು ಮೂಲೆಗೆ ಹಿತ್ತಾಳೆಯ ತೂಕ ಇಟ್ಟು, ಗೆರೆಯ ಒಳಗೆ ಎಷ್ಟು ಚುಕ್ಕಿ ಬಿದ್ದಿದೆಯೆಂದು ಭೂತಗನ್ನಡಿ ಹಿಡಿದು ಎಣಿಸುತ್ತಿದ್ದಳು. ಒಂದು ಚುಕ್ಕಿಗೆ ಇಷ್ಟು ಎಕರೆ ಎಂದು ಗುಣಿಸಿದರೆ ದೇಶದಲ್ಲಿ ಎಷ್ಟು ಕಾಡಿದೆ ಎಂಬುದು ತಿಳಿಯುತ್ತದೆ. ಒಟ್ಟು ಮುನ್ನೂರ ಹನ್ನೆರಡು ಹಾಳೆ. ಐದು ವರ್ಷಕ್ಕೊಮ್ಮೆ ಅಷ್ಟನ್ನೂ ಎಣಿಸಬೇಕು.

ಯಂತ್ರಗಳು ಬಂದಿರಲಿಲ್ಲವೆಂದಲ್ಲ, ಕೆಳಗಿನ ಮಹಡಿಯಲ್ಲಿ ಸಾಲಾಗಿ ಕೂತಿದ್ದವು. ಆದರೆ ಮೊದಲ ಸಲ ಹೇಗೆ ಎಣಿಸಿದ್ದರೋ ಹಾಗೆಯೇ ಪ್ರತಿ ಸಲವೂ ಎಣಿಸಿದರೆ ತಾನೆ ಅಂದಿಗೂ ಇಂದಿಗೂ ಹೋಲಿಸಲು ಬರುವುದು? ಹೋದ ವರ್ಷ ಮೊಳದಲ್ಲಿ ಅಳೆದ ಬಟ್ಟೆಯನ್ನು ಈ ವರ್ಷ ಗೇಣಿನಲ್ಲಿ ಅಳೆದು, ‘ಬಟ್ಟೆ ಬೆಳೆಯಿತು’ ಎನ್ನಲಾದೀತೇ? ಹಾಗಾಗಿ ಎಲ್ಲ ದೇಶಗಳವರೂ ಯಂತ್ರದ ಲೆಕ್ಕದ ಜೊತೆಗೆ ಹಳೆಯ ಚುಕ್ಕಿ ಲೆಕ್ಕವನ್ನೂ ಉಳಿಸಿಕೊಂಡಿದ್ದರು. ಎಲ್ಲರ ಅಂಕಿಗಳೂ ಕೊನೆಗೆ ಒಂದು ದಪ್ಪ ಪುಸ್ತಕದಲ್ಲಿ ಅಚ್ಚಾಗುತ್ತಿದ್ದವು. ಒಂದೊಂದು ದೇಶಕ್ಕೆ ಒಂದೊಂದು ಸಾಲು, ಒಂದೊಂದು ಎಣಿಕೆಗೆ ಒಂದೊಂದು ಕಾಲಮ್ಮು.

ಪುಸ್ತಕ ಬಂದ ದಿನ ಚುಕ್ಕಿಯಕ್ಕ ಮೊದಲು ತನ್ನ ದೇಶದ ಸಾಲಿನ ಕೆಳಗೆ ಸ್ಕೇಲು ಇಟ್ಟು ಓದುತ್ತಿದ್ದಳು. ನಲವತ್ತೊಂದು, ಮೂವತ್ತೊಂಬತ್ತು, ಮೂವತ್ತೇಳು. ಆಮೇಲೆ ಸ್ಕೇಲನ್ನು ಮೆಲ್ಲಗೆ ಜಾರಿಸಿ ನದಿಯಾಚೆಯ ದೇಶದ ಸಾಲಿಗೆ ತರುತ್ತಿದ್ದಳು. ಹನ್ನೆರಡು, ಹದಿಮೂರು, ಹದಿನಾಲ್ಕು. ಜಗತ್ತಿನ ಉಳಿದ ದೇಶಗಳು ಮುಳುಗಲಿ, ತೇಲಲಿ, ಅವಳಿಗೆ ಸಂಬಂಧವಿರಲಿಲ್ಲ. ನದಿಯಾಚೆಯ ಅಂಕಿ ಏರಿತೆಂದರೆ ಮಾತ್ರ ಅವಳ ಎದೆಯಲ್ಲಿ ಕೆಂಡ ಬೀಳುತ್ತಿತ್ತು. ಏಕೆಂದರೆ ಅದನ್ನು ಎಣಿಸುತ್ತಿದ್ದವಳು ಅವಳ ಒಡಹುಟ್ಟಿದ ತಂಗಿ.

“ಅಲ್ಲ ಕಣೇ, ನಮ್ಮದು ಮೂವತ್ತೇಳು, ಅವರದು ಹದಿನಾಲ್ಕು. ಉರ್ಕೋಬೇಕಾದವರು ಅವರು. ನಿನಗೇನು ಬಂತು ಸಂಕಟ?” ಎಂದು ಗಂಡ ಕೇಳುತ್ತಿದ್ದ. ಬೀಗ ರಿಪೇರಿ ಮಾಡುವ ಮನುಷ್ಯ. ಜಗತ್ತಿನ ಎಲ್ಲ ತೊಂದರೆಗೂ ಎಲ್ಲೋ ಒಂದು ಕೀಲಿ ಇರುತ್ತದೆಂದು ನಂಬಿದವನು.

“ನಮ್ಮದು ಇಳೀತಿದೆ, ಅವಳದು ಏರ್ತಿದೆ. ನಿಮಗೆ ಅರ್ಥ ಆಗಲ್ಲ ಬಿಡಿ.”

“ಅವಳದು ಅಂದ್ರೆ? ಆ ಮರ ಎಲ್ಲ ನಿನ್ನ ತಂಗಿ ಹೆತ್ತದ್ದಾ?”

ಇದಕ್ಕೆ ಉತ್ತರ ಕೊಡಲು ಹೋದರೆ ಅಪ್ಪನ ಕಾಲದಿಂದ ಶುರು ಮಾಡಬೇಕಿತ್ತು.

ದೇಶದ ಮೊದಲ ಎಣಿಕೆ ಮಾಡಿದವನು ಅವರ ಅಪ್ಪ. ಇಬ್ಬರು ಹೆಣ್ಣುಮಕ್ಕಳಿಗೂ ಊಟದ ಮೇಜಿನ ಮೇಲೆ ಚುಕ್ಕಿ ಹಾಳೆ ಹಾಸಿ ಕೆಲಸ ಕಲಿಸಿದ್ದ. ಗೆರೆಯ ಒಳಗಿನ ಚುಕ್ಕಿ ಕಾಡು, ಹೊರಗಿನದು ಊರು, ಅದರಲ್ಲಿ ತಕರಾರಿಲ್ಲ. ತಕರಾರು ಇರುವುದು ಸರಿಯಾಗಿ ಗೆರೆಯ ಮೇಲೆಯೇ ಬಿದ್ದ ಚುಕ್ಕಿಯದು. ಅದಕ್ಕೆ ಅಪ್ಪನದು ಒಂದೇ ನಿಯಮ: ಮೊದಲನೆಯದು ಒಳಗೆ, ಎರಡನೆಯದು ಹೊರಗೆ, ಮೂರನೆಯದು ಮತ್ತೆ ಒಳಗೆ. “ಅನುಮಾನ ಬಂದ ಕಡೆ ಅರ್ಧ ಕಾಡಿಗೆ, ಅರ್ಧ ಊರಿಗೆ. ಅಲ್ಲಿ ಆಸೆ ಪಟ್ರೆ ಎಣಿಕೆ ಕೆಟ್ಟಿತು” ಎನ್ನುತ್ತಿದ್ದ. ಅವನು ನಿವೃತ್ತನಾದಾಗ ಖಾಲಿಯಾದದ್ದು ಒಂದೇ ಹುದ್ದೆ, ಅದು ದೊಡ್ಡವಳಿಗೆ ಬಂತು. ಅವತ್ತು ಯಾರೋ ಅಭಿನಂದಿಸಲು ಬಂದವರ ಮುಂದೆ ಅಪ್ಪ ನಗುತ್ತಾ ಹೇಳಿದ್ದ: “ಕೆಲಸ ದೊಡ್ಡವಳಿಗೆ ಸಿಕ್ತು, ಕಣ್ಣು ಮಾತ್ರ ಚಿಕ್ಕವಳಿಗೆ ಸಿಕ್ಕಿದೆ.”

ಹೇಳಿದವನು ಮರೆತ. ಬಂದವರು ಚಹಾ ಕುಡಿದು ಹೋದರು. ಬಾಗಿಲ ಹಿಂದೆ ನಿಂತಿದ್ದ ದೊಡ್ಡವಳು ಮಾತ್ರ ಆ ಮಾತನ್ನು ಇಪ್ಪತ್ತಮೂರು ವರ್ಷ ಇಟ್ಟುಕೊಂಡಳು. ಚಿಕ್ಕವಳು ಮದುವೆಯಾಗಿ ನದಿ ದಾಟಿದಾಗ, ಸದ್ಯ, ಈ ಕಣ್ಣು ನನ್ನ ಕಣ್ಣೆದುರಿಂದ ಹೋಯಿತಲ್ಲ ಎಂದು ಒಳಗೊಳಗೇ ಸಮಾಧಾನ ಪಟ್ಟುಕೊಂಡಳು. ವರ್ಷ ತುಂಬುವುದರೊಳಗೆ ಕಾಗದ ಬಂತು: ‘ಅಕ್ಕಾ, ಇಲ್ಲಿನ ಅರಣ್ಯ ಕಚೇರಿಯಲ್ಲಿ ನನಗೂ ಎಣಿಸುವ ಕೆಲಸ ಸಿಕ್ಕಿದೆ. ನೀನು ಮಾಡುವುದೇ ನಾನೂ ಮಾಡುತ್ತೇನೆ ನೋಡು!’ ತಂಗಿಗೆ ಸಂಭ್ರಮ. ಅಕ್ಕನಿಗೆ ಹಾಕಿದ್ದು ನೆನಪಿಲ್ಲದೆ ಅಂದಿನ ಅಡುಗೆಗೆ ಉಪ್ಪು ಎರಡು ಸಲ ಬಿತ್ತು.

ನದಿಯಾಚೆಯವರು ತಾತಂದಿರ ಕಾಲದಲ್ಲೇ ಕಾಡನ್ನೆಲ್ಲ ಕಡಿದು ಮುಗಿಸಿದ್ದವರು. ಬುದ್ಧಿ ಬಂದ ಮೇಲೆ ಸಸಿ ನೆಡುತ್ತಾ ಬಂದಿದ್ದರು. ಈಚೆಯವರು ಇದ್ದದ್ದನ್ನು ಕರಗಿಸುತ್ತಿದ್ದರು. ಇದರಲ್ಲಿ ಎಣಿಸುವವಳ ಪಾತ್ರ ಏನೂ ಇಲ್ಲ ಎಂದು ಯಾವ ಮಗುವಾದರೂ ಹೇಳೀತು. ಹೊಟ್ಟೆಕಿಚ್ಚಿಗೆ ಮಗುವಿನಷ್ಟು ಬುದ್ಧಿಯೂ ಇರುವುದಿಲ್ಲ. ತಂಗಿಯ ಕಣ್ಣು ಬಿದ್ದ ಕಡೆ ಕಾಡು ಬೆಳೆಯುತ್ತದೆ, ತನ್ನ ಕಣ್ಣು ಬಿದ್ದ ಕಡೆ ಒಣಗುತ್ತದೆ ಎಂದೇ ಚುಕ್ಕಿಯಕ್ಕನಿಗೆ ಅನ್ನಿಸತೊಡಗಿತ್ತು.

ನಾಲ್ಕನೆಯ ಎಣಿಕೆ ನಡೆಯುತ್ತಿದ್ದಾಗ ಒಂದು ದಿನ ಕಚೇರಿಯ ಪತ್ರಿಕೆಯಲ್ಲಿ ತಂಗಿಯ ಫೋಟೊ ಬಂತು. ಭೂತಗನ್ನಡಿ ಹಿಡಿದು ಕೂತಿದ್ದಾಳೆ, ಕೆಳಗೆ ‘ಹದಿನೈದಕ್ಕೆ ಏರಿದ ಹಸಿರು’ ಎಂದು ದಪ್ಪಕ್ಷರ. ಚಹಾ ಕೊಡುವ ಹೆಂಗಸು, ಎಲ್ಲರೂ ಚಹಾದಮ್ಮ ಎನ್ನುವವಳು, ಅದನ್ನು ಕತ್ತರಿಸಿ ಎಣಿಕೆ ಕೋಣೆಯ ಗೋಡೆಗೇ ಅಂಟಿಸಿ, “ನಿಮ್ಮ ತಂಗಿ ಅಲ್ವಾ ಅಕ್ಕ, ನೋಡ್ತಾ ಇರಿ ಅಂತ ಹಾಕ್ದೆ” ಎಂದಳು. ಉಪಕಾರ ಅಂದರೆ ಇದು!

ಅವತ್ತು ಮೇಜಿನ ಮೇಲಿದ್ದದ್ದು ಒಂದು ಗುಡ್ಡದ ಹಾಳೆ. ಹೋದ ಸಲ ಇಡಿಯಾಗಿದ್ದ ಕಾಡು ಈ ಸಲ ಇಲಿ ಕಡಿದ ರೊಟ್ಟಿಯ ಹಾಗೆ ತುಂಡು ತುಂಡಾಗಿತ್ತು. ಗೆರೆಯ ಮೇಲೆ ಒಂದು ಚುಕ್ಕಿ ಸಿಕ್ಕಿತು. ಸರದಿಯ ಪ್ರಕಾರ ಅದು ಹೊರಗೆ ಹೋಗಬೇಕಿತ್ತು. ಚುಕ್ಕಿಯಕ್ಕ ತಲೆಯೆತ್ತಿ ಗೋಡೆಯ ಮೇಲಿನ ಫೋಟೊ ನೋಡಿದಳು, ತಲೆ ತಗ್ಗಿಸಿ ಆ ಚುಕ್ಕಿಯನ್ನು ಒಳಗೆ ಸೇರಿಸಿದಳು. ಅಂಚಿನಲ್ಲೇ ಇದೆಯಲ್ಲ ಪಾಪ, ಇರಲಿ ಎಂದುಕೊಂಡಳು. ಮುಂದಿನದೂ ಪಾಪವೇ ಅನ್ನಿಸಿತು. ಸಂಜೆಯ ಹೊತ್ತಿಗೆ ಗೆರೆ ಮೇಲಿನ ಒಂದು ಚುಕ್ಕಿಯೂ ಹೊರಗೆ ಹೋಗುವುದು ನಿಂತಿತ್ತು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯಿತು.

ಇದರಲ್ಲಿ ಇನ್ನೊಂದು ಸೂಕ್ಷ್ಮವಿತ್ತು. ಕಾಡು ತುಂಡಾದಷ್ಟೂ ಅದರ ಅಂಚು ಹೆಚ್ಚು, ಅಂಚು ಹೆಚ್ಚಿದಷ್ಟೂ ಗೆರೆಯ ಮೇಲೆ ಬೀಳುವ ಚುಕ್ಕಿ ಹೆಚ್ಚು. ಅಂದರೆ ಹೊರಗೆ ಕಡಿದ ಹಾಗೆಲ್ಲ ಒಳಗೆ ಅವಳ ಸುಳ್ಳಿಗೆ ಜಾಗ ದೊಡ್ಡದಾಗುತ್ತಿತ್ತು. ನಾಲ್ಕನೆಯ ಎಣಿಕೆಯಲ್ಲಿ ಮೂವತ್ತೇಳು ಮೂವತ್ತೇಳಾಗಿಯೇ ನಿಂತಿತು. ಐದನೆಯದರಲ್ಲೂ ಮೂವತ್ತೇಳು. ಕಚೇರಿಯಲ್ಲಿ ಸಿಹಿ ಹಂಚಿದರು. ಕಾಡು ಕರಗುವುದು ನಿಂತಿತು ಎಂದು ಅಧಿಕಾರಿ ಭಾಷಣ ಮಾಡಿದ. ಚುಕ್ಕಿಯಕ್ಕ ಎಣಿಕೆ ಕೋಣೆಗೆ ಮುಖ್ಯಸ್ಥೆಯಾದಳು. ನಿಂತಿದೆಯಲ್ಲ, ಇನ್ನೇನು ಭಯ ಎಂದು ಮೇಲಿನವರು ಇನ್ನೆರಡು ಗುಡ್ಡಗಳನ್ನು ಮರ ಕೊಯ್ಯುವವರಿಗೆ ಬಿಟ್ಟುಕೊಟ್ಟರು. ಆ ಸುದ್ದಿ ಓದಿದ ದಿನ ಅವಳು ಆ ಗುಡ್ಡಗಳ ಹಾಳೆಗಳನ್ನು ಹೊರತೆಗೆದು ಮತ್ತೆ ಹಾಸಿದಳು. ಆದರೆ ಅದೇ ವಾರ ತಂಗಿಯ ಅಂಕಿ ಹದಿನೇಳಕ್ಕೆ ಏರಿದ ಸುದ್ದಿಯೂ ಬಂದದ್ದರಿಂದ, ಅಳುಕು ಹೋಗಿ ಉರಿ ಬಂತು. ಆಗಲೇ ಆ ಮೂರು ದಿನದ ಅರೆ ಉಪವಾಸ.

ಹೀಗಿರುವಾಗ ಪುಸ್ತಕ ಅಚ್ಚು ಹಾಕಿಸುವವರಿಂದ ಒಂದು ಆದೇಶ ಬಂತು. ಅಕ್ಕಪಕ್ಕದ ದೇಶಗಳವರು ಚೀಟಿ ಎತ್ತಿ ಇಪ್ಪತ್ತು ಹಾಳೆ ಆರಿಸಿ, ಒಬ್ಬರದನ್ನು ಇನ್ನೊಬ್ಬರು ಮತ್ತೆ ಎಣಿಸಬೇಕು. ಆರು ದಿನದ ಕೆಲಸ. ಕೊನೆಯ ದಿನದವರೆಗೆ ತಮಗೆ ಎಷ್ಟು ಬಂತೆಂದು ಯಾರೂ ಬಾಯಿ ಬಿಡುವಂತಿಲ್ಲ. ನದಿಯಾಚೆಯಿಂದ ಹಾಳೆಗಳ ಉದ್ದ ಕೊಳವೆಯನ್ನು ಹೆಗಲಿಗೆ ಹಾಕಿಕೊಂಡು ಬಸ್ಸಿನಿಂದ ಇಳಿದವಳು ಬೇರೆ ಯಾರೂ ಅಲ್ಲ, ತಂಗಿಯೇ.

“ಹೋಟೆಲ್ ಕೊಟ್ಟಿದಾರೆ ಅಕ್ಕ, ನಾನು ಬೇಡ ಅಂದೆ. ನಿನ್ನ ಮನೆ ಇರುವಾಗ ಹೋಟೆಲ್ ಯಾಕೆ?” ಎಂದು ಬಂದವಳೇ ಚಪ್ಪಲಿ ಬಿಟ್ಟು ಅಡುಗೆಮನೆಗೆ ನುಗ್ಗಿದಳು. ಭಾವನನ್ನು ನಗಿಸಿದಳು. ಅಕ್ಕ ಹತ್ತು ವರ್ಷದಿಂದ ಹುಡುಕುತ್ತಿದ್ದ ಸೂಜಿಯನ್ನು ಪರದೆಯ ಮಡಿಕೆಯಿಂದ ಒಂದೇ ನೋಟಕ್ಕೆ ತೆಗೆದುಕೊಟ್ಟಳು.

“ಕಣ್ಣು ಅಂದ್ರೆ ಕಣ್ಣು!” ಎಂದ ಗಂಡ. ಹೆಂಡತಿಯ ಮುಖ ನೋಡಿ, ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಕೀಲಿ ಹುಡುಕಿದ.

ಎಣಿಕೆ ಕೋಣೆಯಲ್ಲಿ ಎರಡು ಮೇಜು ಎದುರುಬದುರು ಹಾಕಿದ್ದರು. ಚುಕ್ಕಿಯಕ್ಕನ ಮುಂದೆ ತಂಗಿಯ ಇಪ್ಪತ್ತು ಹಾಳೆ, ತಂಗಿಯ ಮುಂದೆ ಅವಳ ಇಪ್ಪತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಆಚೆ ಮೇಜಿನಿಂದ ಪೆನ್ಸಿಲ್ ಕೆಳಗಿಟ್ಟ ಸದ್ದಾದರೂ ಚುಕ್ಕಿಯಕ್ಕ ಎಣಿಕೆ ತಪ್ಪಿ ಮತ್ತೆ ಒಂದರಿಂದ ಶುರು ಮಾಡುತ್ತಿದ್ದಳು. ಸಿಕ್ಕಿಬಿದ್ದೆ ಎಂದು ಮೊದಲ ದಿನವೇ ತೀರ್ಮಾನಿಸಿದ್ದಳು. ಸಿಕ್ಕಿಬೀಳುವುದೇ ಆದರೆ ಒಬ್ಬಳೇ ಯಾಕೆ ಬೀಳಬೇಕು? ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ತಂಗಿಯ ಹಾಳೆಗಳಲ್ಲಿ ತಪ್ಪು ಹುಡುಕತೊಡಗಿದಳು. ಹದಿನಾಲ್ಕರಿಂದ ಹದಿನೇಳಕ್ಕೆ ಬರೀ ನೆಟ್ಟ ಸಸಿಗಳಿಂದ ಏರುವುದುಂಟೇ? ಎಲ್ಲೋ ಹಣ್ಣಿನ ತೋಟವನ್ನು ಕಾಡೆಂದು ಸೇರಿಸಿರಬೇಕು, ಇಲ್ಲವೇ ಅವಳೂ ಗೆರೆಯ ಮೇಲೆ ಕೈ ಆಡಿಸಿರಬೇಕು. ಅವಳೂ ಹಾಗೆಯೇ ಮಾಡಿದ್ದರೆ ಎಷ್ಟು ಚೆನ್ನ!

ಮಾಡಿರಲಿಲ್ಲ. ಮೊದಲ ಹಾಳೆ ಚುಕ್ಕಿಗೆ ಚುಕ್ಕಿ ಸರಿಹೋಯಿತು. ಎರಡನೆಯದೂ ಹಾಗೆಯೇ. ಏಳನೆಯ ಹಾಳೆಯಲ್ಲಿ ಒಂದು ಚುಕ್ಕಿ ವ್ಯತ್ಯಾಸ ಬಂದಾಗ ಚುಕ್ಕಿಯಕ್ಕನಿಗೆ ಕುಣಿಯುವಂತಾಯಿತು. ಭೂತಗನ್ನಡಿಯಲ್ಲಿ ಇನ್ನೊಮ್ಮೆ ನೋಡಿದರೆ ಅದು ಚುಕ್ಕಿಯಲ್ಲ, ನೊಣ ಕೂತೆದ್ದು ಹೋದ ಗುರುತು. ಐದು ದಿನ ಹೀಗೇ ನಡೆಯಿತು. ತಂಗಿಯ ಹಾಳೆಗಳಲ್ಲಿ ಕಾಡು ಅಂಚು ಅಂಚಾಗಿ ಕೂಡಿಕೊಂಡು, ಸಣ್ಣ ತುಂಡುಗಳು ದೊಡ್ಡ ತುಂಡುಗಳಾಗಿದ್ದವು. ಪ್ರತಿಯೊಂದು ಹಾಳೆಯ ಎಣಿಕೆಯೂ ಅಪ್ಪನ ಕಾಲದ್ದರಷ್ಟು ಚೊಕ್ಕ. ಪ್ರಾಮಾಣಿಕತೆಯನ್ನು ಅಷ್ಟು ಹತ್ತಿರದಿಂದ, ಅದೂ ಎಂಟು ಪಟ್ಟು ದೊಡ್ಡದು ಮಾಡಿ ನೋಡುವ ಶಿಕ್ಷೆ ಯಾವ ಶತ್ರುವಿಗೂ ಬೇಡ.

ಐದನೆಯ ದಿನ ಸಂಜೆ ಇಬ್ಬರೂ ಅಡುಗೆಮನೆಯಲ್ಲಿ ಬೀನ್ಸ್ ಸೋಸುತ್ತಾ ಕೂತಿದ್ದರು. ತಂಗಿಯ ಕಣ್ಣು ಕೆಂಪಾಗಿದ್ದನ್ನು ಚುಕ್ಕಿಯಕ್ಕ ಎರಡು ದಿನದಿಂದ ಗಮನಿಸಿದ್ದಳು. ಮಧ್ಯಾಹ್ನ ಕಚೇರಿಯಲ್ಲಿ ತಂಗಿ ಔಷಧಿ ಅಂಗಡಿಯಿಂದ ತಂದ ಹನಿ ಬಿಟ್ಟುಕೊಳ್ಳುತ್ತಿದ್ದಳು. ಮೇಜನ್ನು ಎರಡು ಸಲ ಕಿಟಕಿಯ ಹತ್ತಿರ ಎಳೆಸಿಕೊಂಡಿದ್ದಳು.

“ಅಕ್ಕ, ಒಂದು ಮಾತು. ನಾಳೆವರೆಗೆ ಹೇಳಬಾರದು, ಆದ್ರೂ ನಿನಗಲ್ದೆ ಯಾರಿಗೆ ಹೇಳ್ಲಿ?”

ಬಂತು ಎಂದುಕೊಂಡಳು ಚುಕ್ಕಿಯಕ್ಕ. ಕೈಯಲ್ಲಿದ್ದ ಬೀನ್ಸ್ ಮುರಿಯದೆ ಹಾಗೇ ಹಿಡಿದಳು.

“ನನ್ನ ಕಣ್ಣು ಹೋಗಿದೆ ಅಕ್ಕ.”

“ಏನು?”

“ಇಪ್ಪತ್ತು ಹಾಳೇಲೂ ನನಗೆ ಕಮ್ಮಿ ಬರ್ತಿದೆ. ಒಂದಲ್ಲ, ಎರಡಲ್ಲ. ಎಂಬತ್ತೆಂಟನೇ ಹಾಳೆ ನಿನ್ನದು ನಾನೂರ ಹನ್ನೆರಡು, ನನಗೆ ಮುನ್ನೂರ ಎಂಬತ್ತೊಂದು. ಮೂರು ಸಲ ಎಣಿಸ್ದೆ. ಒಂದು ಕಣ್ಣು ಮುಚ್ಚಿ ಎಣಿಸ್ದೆ, ಇನ್ನೊಂದು ಮುಚ್ಚಿ ಎಣಿಸ್ದೆ. ಮೂವತ್ತೊಂದು ಚುಕ್ಕಿ ನನಗೆ ಕಾಣ್ತಾನೇ ಇಲ್ಲ.” ಅವಳು ಕೈಯಲ್ಲಿದ್ದ ಬೀನ್ಸನ್ನು ತಟ್ಟೆಗೆ ಬಿಟ್ಟಳು. “ನಾಳೆ ನಿನ್ನ ಅಂಕಿನೇ ಸರಿ ಅಂತ ಬರೆದು ಸೈನ್ ಹಾಕ್ತೀನಿ. ಊರಿಗೆ ಹೋದ ಮೇಲೆ ಕೆಲಸ ಬಿಟ್ಬಿಡ್ತೀನಿ. ಕಾಣದೆ ಇರೋಳು ಎಣಿಸಬಾರದು. ನಮ್ಮ ಹದಿನೇಳೂ ಸರಿಯೋ ಇಲ್ವೋ, ಇನ್ಯಾರಾದ್ರೂ ಮೊದಲಿಂದ ಎಣಿಸ್ಲಿ.”

ಅಕ್ಕನ ಲೆಕ್ಕ ತಪ್ಪಿರಬಹುದು ಎಂಬ ಮಾತು ಆ ತಲೆಯ ಹತ್ತಿರಕ್ಕೂ ಸುಳಿದಿರಲಿಲ್ಲ. ಬೀನ್ಸಿನ ತಟ್ಟೆಯ ಮೇಲೆ ಬಗ್ಗಿ ತಂಗಿ ಅಳುತ್ತಿದ್ದಳು.

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಚುಕ್ಕಿಯಕ್ಕ ಏನೂ ಮಾಡಬೇಕಾಗಿರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು. ಮೂವತ್ತೇಳು ಉಳಿಯುತ್ತದೆ, ಮುಖ್ಯಸ್ಥೆಯ ಕುರ್ಚಿ ಉಳಿಯುತ್ತದೆ, ನದಿಯಾಚೆಯ ಹದಿನೇಳಕ್ಕೆ ಪ್ರಶ್ನೆಚಿಹ್ನೆ ಬೀಳುತ್ತದೆ. ಮತ್ತು ಆ ಕಣ್ಣು, ಅಪ್ಪ ಹೊಗಳಿದ ಆ ಹಾಳು ಕಣ್ಣು, ಇನ್ನು ಮೇಲೆ ಇಲ್ಲ. ಅವಳು ತಂಗಿಯ ಬೆನ್ನು ಸವರಿ, “ವಯಸ್ಸಾಗ್ತಾ ಎಲ್ಲರಿಗೂ ಹಾಗೇ ಕಣೇ” ಎಂದಳು. ಆ ಮಾತಿನಲ್ಲಿ ಎಷ್ಟು ಕರುಣೆ ತುಂಬಿದಳೆಂದರೆ ಅವಳಿಗೇ ಆಶ್ಚರ್ಯವಾಯಿತು. ಅಂದು ಅವಳಿಗೆ ವರ್ಷಗಳಿಂದ ಬರದಿದ್ದಂಥ ನಿದ್ದೆ ಬಂತು.

ಬೆಳಿಗ್ಗೆ ಅವಳು ಕಚೇರಿಗೆ ಹೋಗುವ ಹೊತ್ತಿಗೆ ಎಣಿಕೆ ಕೋಣೆ ತುಂಬಿತ್ತು. ತಂಗಿ ಬೇಗ ಬಂದು ಅಧಿಕಾರಿಗೆ ಎಲ್ಲ ಹೇಳಿಬಿಟ್ಟಿದ್ದಳು. ಅಧಿಕಾರಿಯದು ಭಾಷಣಕ್ಕೆ ವಿಷಯ ಸಿಕ್ಕರೆ ಬಿಡುವ ಜಾಯಮಾನವಲ್ಲ. ಕೆಳಗಿನ ಮಹಡಿಯವರನ್ನೂ ಕರೆಸಿದ್ದ.

“ತಮ್ಮ ತಪ್ಪನ್ನ ತಾವೇ ಹೇಳ್ಕೊಳ್ಳೋರು ಎಷ್ಟು ಜನ ಸಿಗ್ತಾರೆ ಹೇಳಿ? ಇವರು ಮೂವತ್ತೊಂದು ಚುಕ್ಕಿಗೋಸ್ಕರ ತಮ್ಮ ಹುದ್ದೆನೇ ಬಿಡ್ತಿದ್ದಾರೆ. ಈ ಕೋಣೇಲಿ ಇಂಥ ಪ್ರಾಮಾಣಿಕರು ಇನ್ನೊಬ್ಬರನ್ನ ನಾನು ನೋಡಿಲ್ಲ. ನಾವೆಲ್ಲ ಇವರಿಂದ ಕಲೀಬೇಕು. ಏನಮ್ಮ ಮುಖ್ಯಸ್ಥೆಯವರೇ, ನೀವೂ ಸೇರಿ!”

ಎಲ್ಲರೂ ಚಪ್ಪಾಳೆ ತಟ್ಟಿದರು. ಚಹಾದಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮೂಲೆಯ ಅಂಗಡಿಯಿಂದ ಹೂಗುಚ್ಛ ತರಿಸಿದ್ದರು, ಅದನ್ನು ತಂಗಿಯ ಕೈಗೆ ಕೊಟ್ಟರು. ಅವಳು ಕೆಂಪು ಕಣ್ಣಿನಲ್ಲಿ, ತಲೆ ಬಾಗಿಸಿ, ಹೂವಿನ ಹಿಂದೆ ಮುಖ ಮರೆಮಾಡಿಕೊಂಡು ನಿಂತಳು. ಅದೂ ಅವಳಿಗೆ ಚೆನ್ನಾಗಿ ಒಪ್ಪಿತು.

ಚುಕ್ಕಿಯಕ್ಕ ಇಪ್ಪತ್ತಮೂರು ವರ್ಷ ಈ ಕೋಣೆಯಲ್ಲಿ ಕೂತಿದ್ದಳು. ಒಂದು ಹೂವಿನ ಎಸಳು ಯಾರೂ ಕೊಟ್ಟಿರಲಿಲ್ಲ. ಮೂವತ್ತೇಳು ಎರಡು ಸಲ ನಿಂತಾಗ ಹಂಚಿದ ಸಿಹಿ ಕೂಡ ಅಧಿಕಾರಿಯ ಹೆಸರಿನಲ್ಲಿ ಹಂಚಿದ್ದು. ಈಗ ನೋಡಿದರೆ, ಇದ್ದಾಗಲೂ ಇವಳದೇ, ಹೋಗುವಾಗಲೂ ಇವಳದೇ! ಎಣಿಸಿದರೆ ಕಣ್ಣಿಗೆ ಹೊಗಳಿಕೆ, ಎಣಿಸಲಾಗದಿದ್ದರೆ ಮನಸ್ಸಿಗೆ ಹೊಗಳಿಕೆ. ಅವಳ ಹೊಟ್ಟೆಯಲ್ಲಿ ಎದ್ದ ಬೆಂಕಿ ಗಂಟಲಿಗೆ ಬಂತು. ಒಳ್ಳೆಯ ಮನಸ್ಸು ಮಾಡಿಸಲಾಗದ್ದನ್ನು ಕೆಲವೊಮ್ಮೆ ಹೊಟ್ಟೆಕಿಚ್ಚು ಮಾಡಿಸಿಬಿಡುತ್ತದೆ.

“ನಿಲ್ಲಿಸಿ ಸಾರ್!” ಎಂದಳು. “ಅವಳ ಕಣ್ಣಿಗೆ ಏನೂ ಆಗಿಲ್ಲ. ಎಂಥ ತ್ಯಾಗ, ಎಂಥ ಪ್ರಾಮಾಣಿಕತೆ! ತಪ್ಪೇ ಮಾಡ್ದೆ ತಪ್ಪು ಒಪ್ಕೊಂಡ್ರೆ ಅದಕ್ಕೆಲ್ಲ ಹೂವಾ? ತಪ್ಪು ನನ್ನದು. ಹೇಳ್ಕೊಳ್ಳೋದಾದ್ರೆ ನಾನು ಹೇಳ್ಕೋಬೇಕು, ಅವಳಲ್ಲ!”

ಅವಳು ಎಂಬತ್ತೆಂಟನೆಯ ಹಾಳೆಯನ್ನು ಎಳೆದು ಹಾಸಿದಳು, ತೂಕ ಇಟ್ಟಳು, ಎಲ್ಲರಿಗೂ ಕೇಳುವಂತೆ ಎಣಿಸಿದಳು. ಮೊದಲು ಗೆರೆಯ ಒಳಗಿನವು: ಮುನ್ನೂರ ಐವತ್ತು. ಆಮೇಲೆ ಗೆರೆಯ ಮೇಲಿನವು. “ಇದು ಒಳಗೆ. ಇದು ಹೊರಗೆ. ಇದು ಒಳಗೆ. ಇದು ಹೊರಗೆ.” ಗೆರೆಯ ಮೇಲೆ ಅರವತ್ತೆರಡು ಚುಕ್ಕಿ ಇದ್ದವು. ಮೂವತ್ತೊಂದು ಒಳಗೆ ಬಂದವು, ಮೂವತ್ತೊಂದು ಹೊರಗೆ ಹೋದವು. ಒಟ್ಟು ಮುನ್ನೂರ ಎಂಬತ್ತೊಂದು.

“ನಾನು ಅರವತ್ತೆರಡನ್ನೂ ಒಳಗೆ ಹಾಕಿದ್ದೆ” ಎಂದಳು ಚುಕ್ಕಿಯಕ್ಕ. “ಎಲ್ಲಾ ಹಾಳೇಲೂ. ಎರಡು ಎಣಿಕೆಯಿಂದ. ಸರಿಯಾಗಿ ಎಣಿಸಿದ್ರೆ ನಮ್ಮದು ಮೂವತ್ತೇಳಲ್ಲ, ಮೂವತ್ತನಾಲ್ಕರ ಹತ್ತಿರ ಬರುತ್ತೆ.”

ಅಧಿಕಾರಿ ಕೂತುಕೊಂಡ. ಚಹಾದಮ್ಮ ತಟ್ಟೆಯಲ್ಲಿದ್ದ ಲೋಟಗಳನ್ನು ಸದ್ದಾಗದಂತೆ ಒಂದೊಂದೇ ಹಿಂದಕ್ಕೆ ತೆಗೆದುಕೊಂಡು ಹೋದಳು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರೆ. ಇವಳದು ಚುಕ್ಕಿಗೆ ಹೋಯಿತು.

ಮಧ್ಯಾಹ್ನದೊಳಗೆ ನಮೂನೆ ತುಂಬಬೇಕಿತ್ತು. ‘ವ್ಯತ್ಯಾಸಕ್ಕೆ ಕಾರಣ’ ಎಂಬಲ್ಲಿ ಹಾಳೆಯ ದೋಷ, ಶಾಯಿಯ ದೋಷ, ದೃಷ್ಟಿದೋಷ, ಇತರೆ ಎಂದು ನಾಲ್ಕು ಮನೆಗಳಿದ್ದವು. ಅಧಿಕಾರಿ ಬೆವರೊರೆಸಿಕೊಳ್ಳುತ್ತಾ, “ದೃಷ್ಟಿದೋಷ ಅಂತ ಗುರುತು ಹಾಕಿ ಅಮ್ಮ, ಮುಗಿಸ್ಬಿಡೋಣ” ಎಂದ. ಚುಕ್ಕಿಯಕ್ಕ ‘ಇತರೆ’ಗೆ ಗುರುತು ಹಾಕಿ, ಪಕ್ಕದ ಖಾಲಿ ಜಾಗದಲ್ಲಿ ದುಂಡಗೆ ‘ಹೊಟ್ಟೆಕಿಚ್ಚು’ ಎಂದು ಬರೆದಳು.

“ಇದನ್ನ ಹೇಗಮ್ಮ ಕಳಿಸೋದು?”

“ಅಂಚೇಲಿ ಕಳಿಸಿ ಸಾರ್.”

ತಂಗಿ ಸರಿಯಾದ ಅಂಕಿಗಳನ್ನು ಬರೆದು ಸೈನ್ ಹಾಕಿದಳು. ಹೂಗುಚ್ಛವನ್ನು ಮೇಜಿನ ಮೇಲೇ ಬಿಟ್ಟಳು. ಮನೆಗೆ ಹೋಗಿ ಚೀಲ ತುಂಬಿಕೊಂಡಳು. ಭಾವ ಚೀಲ ಹೊರಲು ಬಂದಾಗ ಬೇಡವೆಂದು ತಾನೇ ಹೊತ್ತಳು. ಚುಕ್ಕಿಯಕ್ಕ ಹಾಳೆಗಳ ಕೊಳವೆ ಹಿಡಿದುಕೊಂಡು ಹಿಂದೆ ಹಿಂದೆ ಬಸ್ ನಿಲ್ದಾಣದವರೆಗೂ ನಡೆದಳು. ಇಬ್ಬರೂ ಕಲ್ಲುಬೆಂಚಿನ ಎರಡು ತುದಿಗೆ ಕೂತರು. ನದಿಯಾಚೆಗೆ ಹೋಗುವ ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷವಿತ್ತು.

“ಸುಳ್ಳು ಎಣಿಸಿದ್ದು ಬಿಡು” ಎಂದಳು ತಂಗಿ ಕೊನೆಗೆ, ರಸ್ತೆ ನೋಡುತ್ತಾ. “ನಿನ್ನೆ ನಿನ್ನ ಮುಂದೆ ಕೂತು ಅತ್ತೆನಲ್ಲ, ಕಣ್ಣು ಹೋಯ್ತು ಅಂತ. ಆಗ ಯಾಕೆ ಹೇಳ್ಲಿಲ್ಲ?”

ಚುಕ್ಕಿಯಕ್ಕನಿಗೆ ಹೇಳಲು ಹತ್ತು ಸುಳ್ಳು ಸಿದ್ಧವಿದ್ದವು. ಹೆದರಿಕೆ ಆಗಿತ್ತು ಅನ್ನಬಹುದಿತ್ತು. ಕೆಲಸ ಹೋಗುತ್ತೆ ಅಂತ ಅನ್ನಬಹುದಿತ್ತು.

“ಆಗ ನನಗೆ ಖುಷಿಯಾಗಿತ್ತು” ಎಂದಳು.

ತಂಗಿ ತಿರುಗಿ ಅವಳ ಮುಖ ನೋಡಿದಳು. “ನಾನು ಅಳ್ತಿದ್ದಾಗ?”

“ಹೂಂ.”

“ಎಷ್ಟು ಹೊತ್ತು ಇತ್ತು, ಖುಷಿ?”

“ಬೆಳಿಗ್ಗೆ ನಿನಗೆ ಹೂ ಕೊಡೋವರೆಗೂ.”

ತಂಗಿ ನಗಲಿಲ್ಲ. ಅಳಲೂ ಇಲ್ಲ. ಏನನ್ನೋ ಎಣಿಸುವವಳ ಹಾಗೆ ಅಕ್ಕನ ಮುಖವನ್ನು ನೋಡುತ್ತಲೇ ಇದ್ದಳು. ಬಸ್ಸು ಬಂದಾಗ ಕೊಳವೆಯನ್ನು ಅವಳ ಕೈಯಿಂದ ಕಿತ್ತುಕೊಂಡು ಹತ್ತಿದಳು. ಚುಕ್ಕಿಯಕ್ಕ ಅಲ್ಲೇ ನಿಂತಳು. ಇನ್ನು ಕಾಗದವೂ ಬರುವುದಿಲ್ಲ, ತಂಗಿಯೂ ಬರುವುದಿಲ್ಲ, ಐದು ವರ್ಷಕ್ಕೊಮ್ಮೆ ಪುಸ್ತಕದಲ್ಲಿ ಒಂದು ಅಂಕಿ ಬಂದರೆ ಬಂತು ಎಂದು ಅವಳಿಗೆ ಖಚಿತವಾಯಿತು.

ಕಂಡಕ್ಟರ್ ಸೀಟಿ ಊದಿದ. ಕಿಟಕಿಯ ಗಾಜು ಕಿರುಗುಟ್ಟುತ್ತಾ ಪಕ್ಕಕ್ಕೆ ಸರಿಯಿತು.

“ಬರೀ ಇಪ್ಪತ್ತು ಹಾಳೆ ಎಣಿಸಿದ್ರೆ ಸಾಲಲ್ಲ” ಎಂದಳು ತಂಗಿ, ಇನ್ನೂ ಸಿಟ್ಟಿನಲ್ಲೇ. “ಮುಂದಿನ ತಿಂಗಳು ರಜ ಹಾಕಿ ಬರ್ತೀನಿ. ಮುನ್ನೂರ ಹನ್ನೆರಡನ್ನೂ ನಾನೇ ಎಣಿಸ್ತೀನಿ. ನೀನು ಪಕ್ಕದಲ್ಲಿ ಕೂತು ಪೆನ್ಸಿಲ್ ಚೂಪು ಮಾಡಿಕೊಡು.”

“ನನ್ನ ಹಾಳೆ ಎಣಿಸೋಕೆ ನೀನ್ಯಾವಳೇ?” ಎಂದು ಚುಕ್ಕಿಯಕ್ಕನ ನಾಲಗೆಯ ತುದಿಗೆ ಬಂದಿತ್ತು. ಹೊಟ್ಟೆಯೊಳಗಿನ ಬೆಂಕಿ ಎಲ್ಲೂ ಹೋಗಿರಲಿಲ್ಲ, ಇದ್ದಲ್ಲೇ ಇತ್ತು.

“ಎಷ್ಟು ಪೆನ್ಸಿಲ್ ಬೇಕು?” ಎಂದು ಕೇಳಿದಳು.